ಹೊಲದ ನಡುವೆ ಆ ಬಂಡೆ ಎಲ್ಲಿಂದ ಬಂತು

ಪ್ರಶ್ನೆ: ನಾವು ಕೆನಡಾದ ಕ್ಯಾಲ್ಗರಿಲಿ ಇದ್ದೀವಿ. ಊರಿಂದ ಅತ್ತೆ ಮಾವ ಬಂದಿದ್ರು, ಅವರನ್ನ ಓಕೋಟೋಕ್ಸ್ ಹತ್ರ ಇರೋ ಬಿಗ್ ರಾಕ್ ತೋರಿಸೋಕೆ ಕರ್ಕೊಂಡು ಹೋಗಿದ್ವಿ. ಮಾವನವರು ಚಿತ್ರದುರ್ಗದವರು. ನೋಡಿದ ತಕ್ಷಣ "ಇದೇನಮ್ಮ, ನಮ್ಮ ದುರ್ಗದಾಗೆ ಇಂಥವು ಸಾವಿರ ಅದಾವೆ, ಇದನ್ನ ನೋಡಕ್ಕೆ ಕಾರ್ ಹತ್ತಿಸ್ಕೊಂಡು ಬಂದ್ಯಾ" ಅಂದುಬಿಟ್ರು. ಇದು ಐಸ್ ಮೇಲೆ ಕೂತು ಬಂದಿದ್ದು ಅಂತ ಅಲ್ಲಿನ ಬೋರ್ಡ್ ಓದಿ ಹೇಳಿದ್ರೆ ನಂಬ್ತಾನೇ ಇಲ್ಲ. ಆಮೇಲೆ ಅಲ್ಲೇ ಫುಟ್‌ಹಿಲ್ಸ್ ಕೌಂಟಿಲಿ ಪರಿಚಯದವರ ಫಾರ್ಮ್‌ಗೆ ಹೋದ್ವಿ, ಬೇಲಿ ಪಕ್ಕ ಒಂದು ದೊಡ್ಡ ಕಲ್ಲಿನ ರಾಶಿ. ಗುಲಾಬಿ ಬಣ್ಣದ್ದು, ಪಟ್ಟೆ ಪಟ್ಟೆ ಇರೋದು, ಮೊಟ್ಟೆ ಥರ ನುಣ್ಣಗಿರೋದು, ಕಪ್ಪಗೆ ಸಖತ್ ಭಾರ ಇರೋದು ಒಂದು. ಆ ಕಪ್ಪು ಕಲ್ಲು ಉಲ್ಕೆ ಇರ್ಬಹುದಾ? ಇಷ್ಟು ಥರದ ಕಲ್ಲು ಒಂದೇ ಕಡೆ ಹೇಗೆ ಸೇರ್ಕೊಂಡ್ವು? ಒಂದೆರಡು ಊರಿಗೆ ತಗೊಂಡು ಹೋಗ್ಬಹುದಾ?

ಉತ್ತರ: ಮೊದಲು ನಿಮ್ಮ ಮಾವನವರ ಪರವಾಗಿ ಎರಡು ಮಾತು ಹೇಳಿಬಿಡ್ತೀನಿ. ಬೋರ್ಡಲ್ಲಿ ಬರೆದಿದ್ದಾರೆ ಅಂತ ನಂಬದೆ, ತಾನು ಹುಟ್ಟಿದಾಗಿಂದ ನೋಡಿರೋ ಕಲ್ಲಿಗೆ ಹೋಲಿಸಿ ನೋಡಿದ್ರಲ್ಲ, ಅದೇ ಸರಿಯಾದ ಕ್ರಮ, ನಾವು ಭೂವಿಜ್ಞಾನದವರು ಮಾಡೋದೂ ಅಷ್ಟೇ. ಹೋಲಿಕೆ ಒಂದು ಹೆಜ್ಜೆ ಮುಂದಕ್ಕೆ ಹೋಗ್ಬೇಕಿತ್ತು. ಬಂಡೆ ನೋಡಿದ್ರು, ಬಂಡೆ ಕೆಳಗೆ ಏನಿದೆ ಅಂತ ನೋಡ್ಲಿಲ್ಲ.

ದುರ್ಗದ ಬಂಡೆಗಳು ಅಲ್ಲೇ ಹುಟ್ಟಿ ಅಲ್ಲೇ ಬೆಳೆದವು, ಅಥವಾ ಸರಿಯಾಗಿ ಹೇಳ್ಬೇಕಂದ್ರೆ ಅಲ್ಲೇ ಸವೆದವು. ನೆಲದೊಳಗೆ ಇದ್ದ ಗ್ರಾನೈಟು ಉದ್ದಕ್ಕೂ ಅಡ್ಡಕ್ಕೂ ಸೀಳಿ ಚೌಕ ಚೌಕ ಆಗಿತ್ತು, ಆ ಸೀಳಲ್ಲಿ ಮಳೆ ನೀರು ಇಳಿದು ಕಲ್ಲು ಕೊಳೀತಾ ಹೋಯ್ತು. ಮೂಲೆಗೆ ಮೂರು ಕಡೆಯಿಂದ ನೀರು ತಾಗತ್ತೆ, ಮಟ್ಟವಾದ ಮುಖಕ್ಕೆ ಒಂದೇ ಕಡೆಯಿಂದ, ಅದಕ್ಕೆ ಮೂಲೆ ಬೇಗ ಹೋಗತ್ತೆ, ಹೊಸ ಸೋಪು ನಾಲ್ಕು ದಿನ ಬಳಸಿದ್ರೆ ಮೂಲೆ ಹೋಗಿ ಗುಂಡಗೆ ಆಗಲ್ವಾ ಹಂಗೆ. ಕೊಳೆತ ಭಾಗ ಮಣ್ಣಾಗಿ ಕೊಚ್ಕೊಂಡು ಹೋಗಿ ಒಳಗಿನ ಗಟ್ಟಿ ಗುಂಡುಗಳು ಒಂದರ ಮೇಲೊಂದು ಉಳ್ಕೊಂಡವು. ಹಂಪಿದೂ ಇದೇ ಕಥೆ, ರಾಮನಗರದ್ದೂ ಇದೇ ಕಥೆ. ಅಲ್ಲೆಲ್ಲ ಗುಂಡಿನ ಕೆಳಗೆ ಅಗೆದ್ರೆ ಮತ್ತೆ ಅದೇ ಕಲ್ಲು ಸಿಗತ್ತೆ. ಹೊರಗಿಂದ ಯಾರೂ ತಂದು ಹಾಕಿದ್ದಲ್ಲ.

ಓಕೋಟೋಕ್ಸಲ್ಲಿ ಅಗೆದ್ರೆ ಬೇರೇನೇ ಸಿಗತ್ತೆ. ಅಲ್ಲಿನ ಮೂಲ ಕಲ್ಲು ಬೂದು ಹಳದಿ ಬಣ್ಣದ ಮೆತ್ತನೆ ಮರಳುಗಲ್ಲು, ಅದರ ಜೊತೆ ಜೇಡಿಗಲ್ಲು. ಕ್ಯಾಲ್ಗರಿ ಡೌನ್‌ಟೌನಲ್ಲಿ ಹಳೇ ಸಿಟಿ ಹಾಲ್ ನೋಡಿರ್ತೀರಲ್ಲ, 1886ರಲ್ಲಿ ಊರಿಗೆ ಬೆಂಕಿ ಬಿದ್ದು ಮರದ ಕಟ್ಟಡಗಳೆಲ್ಲ ಹೋದ ಮೇಲೆ ಅಲ್ಲಿನವರು ಕಟ್ಟೋಕೆ ಬಳಸಿದ್ದು ಇದೇ ಮರಳುಗಲ್ಲು. ಸುಮಾರು 6 ಕೋಟಿ ವರ್ಷದ್ದು, ಕಲ್ಲಿನ ಲೆಕ್ಕದಲ್ಲಿ ಮೊನ್ನೆ ಮೊನ್ನೆದು, ಸ್ಟೀಲ್ ಚಾಕುವಿಂದ ಕೆರೆದ್ರೆ ಪುಡಿ ಉದುರತ್ತೆ. ಬಿಗ್ ರಾಕ್ ಬೆಣಚಿನ ಕಲ್ಲು, ಕ್ವಾರ್ಟ್‌ಜೈಟು, ಅದನ್ನ ಕೆರೆದ್ರೆ ಚಾಕುವಿನ ಲೋಹವೇ ಕಲ್ಲಿನ ಮೇಲೆ ಗೆರೆಯಾಗಿ ಅಂಟತ್ತೆ (ಅಲ್ಲಿ ಹೋಗಿ ನಿಜವಾಗ್ಲೂ ಕೆರೀಬೇಡಿ, ಸಂರಕ್ಷಿತ ಜಾಗ, ಕಾರಣ ಮುಂದೆ ಹೇಳ್ತೀನಿ). ಅಂದ್ರೆ ನೆಲದ ಕಲ್ಲಿಗೂ ಮೇಲೆ ಕೂತಿರೋ ಕಲ್ಲಿಗೂ ಸಂಬಂಧವೇ ಇಲ್ಲ. 41 ಮೀಟರ್ ಉದ್ದ, 18 ಮೀಟರ್ ಅಗಲ, 9 ಮೀಟರ್ ಎತ್ತರ, ತೂಕ ಸುಮಾರು 16,500 ಟನ್. ಒಂದು ಲಾರಿಗೆ 10 ಟನ್ ಹಾಕಿದ್ರೆ 1,650 ಲಾರಿ ಲೋಡು, ಅದು ಸಪಾಟು ಬಯಲಲ್ಲಿ ಸುತ್ತಮುತ್ತ ಬೆಟ್ಟ ಇಲ್ಲದ ಕಡೆ ಬಂದು ಕೂತಿದೆ. ಇಂಥ ಕಲ್ಲಿಗೆ ಎರಾಟಿಕ್ ಅಂತಾರೆ, ಅಲೆಯೋದು ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಬಂದಿದ್ದು, ನಾನು ಕನ್ನಡದಲ್ಲಿ ಅಲೆಮಾರಿ ಬಂಡೆ ಅಂತ ಕರೀತೀನಿ.

ಸರಿ, ಎಲ್ಲಿಂದ ಅಲೀತಾ ಬಂತು? ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ, ಯಾಕಂದ್ರೆ ಈ ಕಲ್ಲಿಗೆ ಗುರುತಿನ ಮಚ್ಚೆ ಇದೆ. ಹತ್ರ ಹೋಗಿ ನೋಡಿದ್ರೆ ಬರೀ ಬಿಳಿ ಅಲ್ಲ, ನಸುಗೆಂಪು, ನೇರಳೆ ಛಾಯೆ, ನಡುನಡುವೆ ಪದರ ಪದರವಾಗಿ ಕಡ್ಲೆಕಾಳು ಹುರುಳಿಕಾಳು ಗಾತ್ರದ ಬೆಣಚಿನ ಹರಳು. 50 ಕೋಟಿ ವರ್ಷಕ್ಕೂ ಹಿಂದೆ ಆಳ ಇಲ್ಲದ ಸಮುದ್ರದಲ್ಲಿ ಸೇರಿದ ಮರಳು ಅದು, ಆಮೇಲೆ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಯ್ತು. ಈ ಥರದ ಕಲ್ಲಿಗೆ ಗಾಗ್ ಗ್ರೂಪ್ ಅಂತ ಹೆಸರು, ರಾಕಿ ಪರ್ವತದಲ್ಲಿ ಜಾಸ್ಪರ್ ಕಡೆ ಮೌಂಟ್ ಈಡಿತ್ ಕ್ಯಾವೆಲ್ ಆಸುಪಾಸಲ್ಲಿ ಗೋಡೆ ಥರ ನಿಂತಿದೆ. ನೀವು ಜಾಸ್ಪರ್ ಟ್ರಿಪ್ ಹೋಗಿದ್ರೆ ನೋಡಿಯೇ ಇರ್ತೀರಿ, ಫೋಟೋ ತೆಗೆದಿದ್ರೆ ಝೂಮ್ ಮಾಡಿ ಮಾವನವರಿಗೆ ತೋರಿಸಿ. ನಕ್ಷೆ ಮೇಲೆ ನೇರ ಗೆರೆ ಎಳೆದ್ರೆ ಅಲ್ಲಿಂದ ಓಕೋಟೋಕ್ಸ್‌ಗೆ ಸುಮಾರು 350 ಕಿಲೋಮೀಟರ್, ಆದ್ರೆ ಬಂಡೆ ನೇರವಾಗಿ ಬಂದಿಲ್ಲ, ಸುತ್ತಿ ಬಂದಿದೆ.

ಆದದ್ದು ಇಷ್ಟು. ಆಗ ಬೆಟ್ಟದ ಕಣಿವೆಗಳೆಲ್ಲ ಹಿಮನದಿಯಿಂದ ತುಂಬಿದ್ದ ಕಾಲ. ಒಂದು ಬೆಟ್ಟದ ಮಗ್ಗುಲು ಕುಸಿದು ದೊಡ್ಡ ಬಂಡೆಕುಸಿತ ಆಗಿ ಕೆಳಗೆ ಹರೀತಿದ್ದ ಹಿಮನದಿ ಬೆನ್ನ ಮೇಲೆ ಬಿತ್ತು. ಹರೀತಿದ್ದ ಅಂದೆ, ಐಸು ಹರಿಯುತ್ತಾ ಅಂತ ಕೇಳ್ತಾರೆ ಎಲ್ರೂ, ಹರಿಯತ್ತೆ, ನೂರಾರು ಮೀಟರ್ ದಪ್ಪ ಆದಾಗ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರತ್ತೆ, ಬೆಲ್ಲದ ಪಾಕ ತಟ್ಟೇಲಿ ಹರಡೋ ಥರ. ವರ್ಷಕ್ಕೆ 100 ಮೀಟರ್ ಅಂತ ಇಟ್ಕೊಂಡ್ರೂ 400 ಕಿಲೋಮೀಟರ್ ದಾಟೋಕೆ 4,000 ವರ್ಷ ಸಾಕು, ಅವಸರ ಯಾರಿಗಿತ್ತು. ಹಿಂಗೆ ಆ ಹಿಮನದಿ ಅಥಬಾಸ್ಕಾ ಕಣಿವೆ ಹಿಡ್ಕೊಂಡು ಪೂರ್ವಕ್ಕೆ ಬಯಲಿಗೆ ಇಳೀತು. ಇಳಿದ್ರೆ ಎದುರುಗಡೆಯಿಂದ ಇನ್ನೊಂದು ಬರ್ತಾ ಇದೆ, ಇದರಪ್ಪನಂಥದ್ದು, ಹಡ್ಸನ್ ಕೊಲ್ಲಿ ಕಡೆಯಿಂದ ಅರ್ಧ ಕೆನಡಾನೇ ಮುಚ್ಕೊಂಡು ಬಂದ ಲಾರೆಂಟೈಡ್ ಅನ್ನೋ ಐಸ್ ಹಾಳೆ. ಬೆಟ್ಟದಿಂದ ಬಂದಿದ್ದಕ್ಕೆ ಮುಂದೆ ಹೋಗೋಕೆ ದಾರಿ ಇಲ್ಲ, ಹಿಂದಿಂದ ತಳ್ಳೋದು ನಿಂತಿಲ್ಲ, ಬಲಕ್ಕೆ ತಿರುಗಿ ಬೆಟ್ಟದ ಸಾಲಿನ ಪಕ್ಕಪಕ್ಕದಲ್ಲೇ ಆಗ್ನೇಯಕ್ಕೆ ಹೊರಟಿತು. ಬೆನ್ನ ಮೇಲಿದ್ದ ಕಲ್ಲುಗಳೂ ಅದರ ಜೊತೆಗೆ ಸಾಲಾಗಿ. ಐಸ್ ಕರಗಿದಾಗ ಎಲ್ಲೆಲ್ಲಿದ್ವೋ ಅಲ್ಲಲ್ಲೇ ಕೂತ್ವು. ಹಂಗಾಗಿ ಇವತ್ತು ಉತ್ತರದಿಂದ ದಕ್ಷಿಣಕ್ಕೆ ಕಮ್ಮಿ ಅಂದ್ರೂ 580 ಕಿಲೋಮೀಟರ್ ಉದ್ದ, ಅಗಲ ಮಾತ್ರ 1ರಿಂದ 22 ಕಿಲೋಮೀಟರ್, ಇಷ್ಟು ಸಪೂರ ಪಟ್ಟಿಲಿ ಒಂದೇ ಜಾತಿಯ ಸಾವಿರಾರು ಬಂಡೆ ಚೆಲ್ಲಿದಂಗೆ ಬಿದ್ದಿವೆ. ಫುಟ್‌ಹಿಲ್ಸ್ ಎರಾಟಿಕ್ಸ್ ಟ್ರೇನ್ ಅಂತ ಅದಕ್ಕೆ ಹೆಸರು. ಅಕ್ಕಿ ಮೂಟೆಲಿ ತೂತಿದ್ದು ಎತ್ತಿನ ಗಾಡಿ ಹೋದ ದಾರೀಲೆಲ್ಲ ಅಕ್ಕಿ ಬಿದ್ದಿದ್ರೆ ಗಾಡಿ ಎಲ್ಲಿ ತಿರುಗಿತು ಅಂತ ಹೇಳ್ಬಹುದಲ್ಲ, ಹಂಗೆ ಇಲ್ಲಿ ಐಸ್ ಎಲ್ಲಿ ತಿರುಗಿತು ಅಂತ ಕಲ್ಲೇ ಹೇಳತ್ತೆ. ಮಾವನವರು ಒಂದು ಬಂಡೆ ನೋಡಿ ನಂಬ್ಲಿಲ್ಲ, ಸಾಲು ನೋಡಿದ್ರೆ ನಂಬ್ತಾರೆ ಅನ್ಸತ್ತೆ. ಬಿಗ್ ರಾಕ್ ಆ ಸಾಲಿನ ದೊಡ್ಡಣ್ಣ ಅಷ್ಟೇ, ತಮ್ಮಂದಿರು ಒಂದಡಿ ಗಾತ್ರದವರೂ ಇದಾರೆ.

ಈಗ ಫಾರ್ಮಿನ ರಾಶಿಗೆ ಬರೋಣ, ನನಗೆ ಬಿಗ್ ರಾಕ್‌ಗಿಂತ ಅದೇ ಜಾಸ್ತಿ ಇಷ್ಟ. ಒಂದು ಮಾತು ನೆನಪಿಟ್ಕೊಳ್ಳಿ, ಕಲ್ಲಿನ ಜಾತಿ ಅದು ಎಲ್ಲಿಂದ ಬಂತು ಅಂತ ಹೇಳತ್ತೆ, ಕಲ್ಲಿನ ಆಕಾರ ಅದು ಹೇಗೆ ಬಂತು ಅಂತ ಹೇಳತ್ತೆ. ಎರಡನ್ನೂ ಬೇರೆ ಬೇರೆ ಕೇಳ್ಬೇಕು, ಬಹಳ ಜನ ಬಣ್ಣ ನೋಡಿ ನಿಲ್ಲಿಸಿಬಿಡ್ತಾರೆ.

ನಮ್ಮೂರ ಬಸ್ಸಿನ ಲೆಕ್ಕದಲ್ಲಿ ಹೇಳ್ತೀನಿ. ಬಸ್ಸಿನ ಟಾಪ್ ಮೇಲೆ ಹಾಕಿದ ಟ್ರಂಕು ಎಷ್ಟು ದೂರ ಹೋದ್ರೂ ಮೂಲೆ ಮುರಿಯಲ್ಲ. ಬಿಗ್ ರಾಕು, ಅದರ ಸಾಲಿನ ಬಂಡೆಗಳೆಲ್ಲ ಟಾಪ್ ಮೇಲೆ ಬಂದವು, ಅದಕ್ಕೆ ಇವತ್ತಿಗೂ ಅವುಗಳ ಅಂಚು ಚೂಪು, ಮುಖ ಚಪ್ಪಟೆ, ಈಗ ತಾನೇ ಬೆಟ್ಟದಿಂದ ಸೀಳಿದಂಗೆ. ದುರ್ಗದ ಗುಂಡಿಗೂ ಇದಕ್ಕೂ ಕಣ್ಣಿಗೆ ಕಾಣೋ ವ್ಯತ್ಯಾಸ ಇದೇನೇ, ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ಅದೇ ಟ್ರಂಕನ್ನ ಬಸ್ಸಿನ ಅಡಿಗೆ ಕಟ್ಟಿ ರೋಡ್ ಮೇಲೆ ಎಳ್ಕೊಂಡು ಹೋದ್ರೆ? ಐಸಿನ ತಳದಲ್ಲಿ ಸಿಕ್ಕಿಕೊಂಡ ಕಲ್ಲಿನ ಪಾಡು ಅದು. ಕೆಳಗಿನ ನೆಲಕ್ಕೆ ಉಜ್ಜಿ ಉಜ್ಜಿ ಒಂದು ಮುಖ ಇಸ್ತ್ರಿ ಪೆಟ್ಟಿಗೆ ತಳದ ಥರ ಮಟ್ಟ ಆಗತ್ತೆ, ಅದರ ಮೇಲೆ ಸಮಸಮವಾಗಿ ಗೀರು ಬೀಳತ್ತೆ, ಕಲ್ಲು ಐಸೊಳಗೆ ಒಮ್ಮೆ ಮಗ್ಗುಲು ಬದಲಾಯಿಸಿದ್ರೆ ಇನ್ನೊಂದು ದಿಕ್ಕಲ್ಲಿ ಇನ್ನೊಂದು ಸಾಲು ಗೀರು. ಸುಣ್ಣದ ಕಲ್ಲಿನ ಮೇಲೆ ಈ ಗೀರು ಚೆನ್ನಾಗಿ ಕಾಣತ್ತೆ, ಗ್ರಾನೈಟ್ ಮೇಲೆ ಅಷ್ಟಾಗಿ ಉಳಿಯಲ್ಲ. ತೊಳೆದು, ಬೆಳಗ್ಗೆ ಸಂಜೆ ಓರೆ ಬಿಸಿಲಿಗೆ ಹಿಡಿದು ನೋಡ್ಬೇಕು. ನೇಗಿಲು ತಾಗಿದ ಗೀರು ಬೇರೆ, ಅದು ಒಂದೋ ಎರಡೋ ಇರತ್ತೆ, ತುಕ್ಕಿನ ಬಣ್ಣ ಮೆತ್ಕೊಂಡಿರತ್ತೆ, ಅದನ್ನ ಹಿಡ್ಕೊಂಡು ಐಸ್ ಗೀರು ಸಿಕ್ತು ಅಂತ ಕುಣಿದಾಡಿದವರಲ್ಲಿ ನಾನೂ ಒಬ್ಬ, ಮೊದಲನೇ ವರ್ಷ.

ಮೊಟ್ಟೆ ಥರ ನುಣ್ಣಗಿರೋದು ಅಂದ್ರಲ್ಲ, ಅದಕ್ಕೆ ಆ ರೂಪ ಕೊಟ್ಟಿದ್ದು ಐಸ್ ಅಲ್ಲ, ನೀರು. ಐಸ್ ಯುಗಕ್ಕೂ ಮುಂಚೆ ರಾಕಿ ಪರ್ವತದಿಂದ ಇಳೀತಿದ್ದ ನದಿಗಳು ಇದೇ ಬೆಣಚಿನ ಕಲ್ಲನ್ನ ಉರುಳಿಸಿ ಉರುಳಿಸಿ ಗುಂಡಗೆ ಮಾಡಿ ಬಯಲಿಗೆ ತಂದು ಹಾಕಿದ್ವು, ಆಮೇಲೆ ಬಂದ ಐಸು ಆ ಜಲ್ಲಿನೂ ಸೇರಿಸಿ ಬಾಚ್ಕೊಂಡು ಬೇರೆ ಕಡೆ ಸುರೀತು. ಅಂದ್ರೆ ಆ ಒಂದು ಕಲ್ಲು ಎರಡು ಸಲ ಪ್ರಯಾಣ ಮಾಡಿರಬಹುದು, ಮೊದಲು ನದೀಲಿ, ಆಮೇಲೆ ಐಸಲ್ಲಿ. ಅದರ ಮೇಲೆ ಉಗುರಿನ ತುದಿ ಒತ್ತಿದಂಗೆ ಅರ್ಧಚಂದ್ರದ ಸಣ್ಣ ಸಣ್ಣ ಗುರುತು ಇದೆಯಾ ನೋಡಿ, ಇದ್ರೆ ಪ್ರವಾಹದಲ್ಲಿ ಒಂದಕ್ಕೊಂದು ಕುಟ್ಟಿಕೊಂಡ ಪೆಟ್ಟು ಅದು. ಗಟ್ಟಿ ಬೆಣಚಿಗೆ ಮಾತ್ರ ಅದು ಚೆನ್ನಾಗಿ ಬೀಳತ್ತೆ.

ಇನ್ನು ಪಟ್ಟೆ ಪಟ್ಟೆದು, ಗುಲಾಬಿದು. ಗುಲಾಬಿಲಿ ಎರಡು ಥರ ಇರ್ಬಹುದು, ಹುಷಾರು. ಒಡೆದ ಮುಖದಲ್ಲಿ ಸಕ್ಕರೆ ಹರಳು ಒತ್ತಿದಂಗೆ ಒಂದೇ ಥರ ಹೊಳೀತಾ ಇದ್ರೆ ಬಿಗ್ ರಾಕ್ ಮನೆತನದ ಬೆಣಚು. ಗುಲಾಬಿ ಹರಳು, ಬೂದು ಗಾಜಿನಂಥದ್ದು, ಕರಿ ಚುಕ್ಕೆ, ಮೂರೂ ಬೇರೆ ಬೇರೆಯಾಗಿ ಕಾಣ್ತಾ ಇದ್ರೆ ಗ್ರಾನೈಟು. ಕಪ್ಪು ಬಿಳಿ ಪಟ್ಟೆ ಇರೋದು ನೈಸ್ ಶಿಲೆ. ಗ್ರಾನೈಟು ನೈಸು ಎರಡೂ ಆ ಕಡೆಯ ರಾಕಿ ಬೆಟ್ಟಗಳಲ್ಲಿ ಸಿಗಲ್ಲ, ಅಲ್ಲಿರೋದೆಲ್ಲ ಸುಣ್ಣದ ಕಲ್ಲು, ಮರಳುಗಲ್ಲು, ಬೆಣಚು, ಜೇಡಿಗಲ್ಲು. ಹಂಗಾದ್ರೆ ಎಲ್ಲಿಂದ? ತದ್ವಿರುದ್ಧ ದಿಕ್ಕು, ಈಶಾನ್ಯ. ಉತ್ತರ ಸಸ್ಕಾಚೆವಾನ್ ಆಚೆ ಈಚೆ ಕೆನಡಿಯನ್ ಶೀಲ್ಡ್ ಅಂತ ಪುರಾತನ ಕಲ್ಲಿನ ನೆಲ ಇದೆ, ಅಲ್ಲಿಂದ ಓಕೋಟೋಕ್ಸ್‌ಗೆ 700 ಕಿಲೋಮೀಟರ್ ಮೇಲೆ. ಎದುರುಗಡೆಯಿಂದ ಬಂತು ಅಂದ್ನಲ್ಲ ಆ ಲಾರೆಂಟೈಡ್ ಐಸು, ಅದರ ಸರಕು ಇದು. ಕ್ಯಾಲ್ಗರಿಯಿಂದ ಪೂರ್ವಕ್ಕೆ ಹೋದಷ್ಟೂ ಹೊಲದಲ್ಲಿ ಇವು ಜಾಸ್ತಿ, ಪಶ್ಚಿಮಕ್ಕೆ ಬೆಟ್ಟದ ಕಡೆ ಹೋಗ್ತಾ ಹೋಗ್ತಾ ಒಂದು ಗೆರೆ ದಾಟಿದ ಮೇಲೆ ಒಂದೂ ಇರಲ್ಲ. ನಿಮ್ಮ ಪರಿಚಯದವರ ರಾಶಿಲಿ ಎರಡೂ ಇವೆ ಅಂದ್ರೆ ಆ ಫಾರ್ಮು ಎರಡು ಐಸುಗಳ ಗಡಿ ಗಲಾಟೆ ನಡೆದ ಜಾಗದಲ್ಲೇ ಇದೆ ಅಂತ ಅರ್ಥ, ಒಂದು ಕೈಲಿ ಜಾಸ್ಪರಿನ ಕಲ್ಲು ಇನ್ನೊಂದು ಕೈಲಿ ಶೀಲ್ಡಿನ ಕಲ್ಲು ಹಿಡ್ಕೊಂಡು ನಿಲ್ಲೋ ಭಾಗ್ಯ ಎಷ್ಟು ಜನಕ್ಕೆ ಸಿಗತ್ತೆ ಹೇಳಿ. ಆ ಪಟ್ಟೆ ಕಲ್ಲನ್ನ ಮಾವನವರಿಗೆ ತೋರಿಸಿ "ಎಲ್ಲಿ ನೋಡಿದೀರಾ" ಅಂತ ಕೇಳಿ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ನೋಡಿದವರಿಗೆ ಗುರುತು ಸಿಗಬೇಕು, ಅದೂ ನೈಸೇ, ಸುಮಾರು 300 ಕೋಟಿ ವರ್ಷದ್ದು. ಶೀಲ್ಡಿನ ಕಲ್ಲೂ ಹಂಗೇ ಬಹಳ ಹಳೇವು, 180 ಕೋಟಿ ವರ್ಷದವೂ ಇವೆ, 250 ಕೋಟಿ ದಾಟಿದವೂ ಇವೆ. ನಮ್ಮ ಕಡೆ ಅದು ಕಾಲ ಕೆಳಗಿನ ನೆಲ, ಇಲ್ಲಿ ವಲಸೆ ಬಂದ ಕಲ್ಲು.

ಹೊಲದ ಕಲ್ಲೆಲ್ಲ ಬೇಲಿ ಪಕ್ಕ ಹೇಗೆ ಸೇರ್ತು ಅನ್ನೋದಕ್ಕೆ ಐಸ್ ಯುಗದವರೆಗೆ ಹೋಗೋದು ಬೇಡ, ರೈತರು ಆರಿಸಿ ಹಾಕಿದ್ದು. ನೂರು ವರ್ಷಕ್ಕೂ ಮೇಲಿಂದ ಆ ಭಾಗದಲ್ಲಿ ವ್ಯವಸಾಯ ನಡೀತಿದೆ, ಪ್ರತಿ ವರ್ಷ ಬಿತ್ತನೆಗೆ ಮುಂಚೆ ಕಲ್ಲು ಆರಿಸೋದು ಒಂದು ಕೆಲಸ, ಮೊದಲು ಕುದುರೆ ಗಾಡಿ, ಈಗ ಅದಕ್ಕೇ ಅಂತ ಮಷೀನು. ಹೋದ ವರ್ಷ ಪೂರ್ತಿ ಆರಿಸಿದ್ದು ಈ ವರ್ಷ ಮತ್ತೆ ಬಂದಿದೆ ಅಂತ ಅಲ್ಲಿನ ರೈತರು ಗೊಣಗ್ತಾನೇ ಇರ್ತಾರೆ, ಕಲ್ಲು ಬೆಳೆಯತ್ತೆ ಅಂತ ನಮ್ಮೂರಲ್ಲೂ ಹೇಳ್ತಾರಲ್ಲ, ಇಲ್ಲಿ ಅದು ಅರ್ಧ ನಿಜ. ಚಳಿಗಾಲದಲ್ಲಿ ಮೇಲಿಂದ ಕೆಳಗೆ ನೆಲ ಹೆಪ್ಪುಗಟ್ಟುತ್ತೆ. ಒದ್ದೆ ಮಣ್ಣಿಗಿಂತ ಕಲ್ಲಲ್ಲಿ ಶಾಖ ಬೇಗ ಹರಿದು ಹೋಗತ್ತೆ, ಅದಕ್ಕೆ ಕಲ್ಲಿನ ಅಡಿಗಿರೋ ನೀರು ಸುತ್ತಲಿನದ್ದಕ್ಕಿಂತ ಮುಂಚೆ ಐಸಾಗಿ ಉಬ್ಬಿ ಕಲ್ಲನ್ನ ಒಂಚೂರು ಎತ್ತತ್ತೆ. ಬೇಸಿಗೆ ಬಂದು ಕರಗಿದಾಗ ಕಲ್ಲು ವಾಪಸ್ ಕೂರೋಕೆ ಮುಂಚೆ ಅಕ್ಕಪಕ್ಕದ ಮಣ್ಣು ಆ ಸಂದಿಗೆ ನುಗ್ಗಿರತ್ತೆ. ಹಿಂಗೆ ವರ್ಷಾ ವರ್ಷ ಒಂದಿಷ್ಟು ಮೇಲಕ್ಕೆ, ಕೊನೆಗೊಂದು ದಿನ ನೇಗಿಲಿಗೆ ಖಟ್ ಅಂತ.

ಯಾವಾಗ ಬಂತು ಅಂತ ನೀವು ಕೇಳಿಲ್ಲ, ಆದ್ರೆ ಮಾವನವರು ಮುಂದಿನ ಪ್ರಶ್ನೆ ಇದನ್ನೇ ಕೇಳ್ತಾರೆ. ಬಾಹ್ಯಾಕಾಶದಿಂದ ಸದಾ ಬೀಳ್ತಿರೋ ಕಾಸ್ಮಿಕ್ ಕಿರಣ ಕಲ್ಲಿನ ಮೇಲ್ಮೈಗೆ ಬಡಿದು ಒಳಗೆ ಕ್ಲೋರಿನ್ 36, ಬೆರಿಲಿಯಂ 10 ಥರದ ಅಪರೂಪದ ಪರಮಾಣುಗಳನ್ನ ಹುಟ್ಟಿಸತ್ತೆ. ಬೆಟ್ಟದ ಒಳಗೆ ಇದ್ದಷ್ಟು ದಿನ ಅದು ತಟ್ಟಲ್ಲ, ಕುಸಿದು ಹೊಸ ಮುಖ ಹೊರಗೆ ಬಂದ ದಿನದಿಂದ ಲೆಕ್ಕ ಶುರು. ಬಂಡೆ ಮೇಲಿಂದ ಒಂದು ಚಕ್ಕೆ ತೆಗೆದು ಆ ಪರಮಾಣು ಎಷ್ಟು ಸೇರಿದೆ ಅಂತ ಎಣಿಸಿದ್ರೆ ಎಷ್ಟು ವರ್ಷ ಆಕಾಶ ನೋಡಿದೆ ಅಂತ ಗೊತ್ತಾಗತ್ತೆ, ಬಿಸಿಲಲ್ಲಿ ಕೆಲಸ ಮಾಡಿದವರ ಮೈ ಬಣ್ಣ ನೋಡಿ ಎಷ್ಟು ದಿನ ದುಡಿದ್ರು ಅಂತ ಅಂದಾಜು ಮಾಡಿದಂಗೆ. 1997ರಲ್ಲಿ ಈ ಸಾಲಿನ ಬಂಡೆಗಳಿಗೆ ಕ್ಲೋರಿನ್ ಲೆಕ್ಕ ಹಾಕಿದಾಗ ಇವು ಕೊನೇ ಐಸ್ ಯುಗದವೇ ಅಂತ ಗಟ್ಟಿಯಾಯ್ತು. ಅದಕ್ಕೂ ಮುಂಚೆ ಇನ್ನೂ ಹಳೇದು ಅನ್ನೋ ವಾದ ಜೋರಾಗಿತ್ತು. ಐಸ್ ಇವನ್ನ ನೆಲಕ್ಕಿಳಿಸಿ ಸುಮಾರು 15,000 ವರ್ಷ ಅಂತ ಆಮೇಲಿನ ಅಳತೆಗಳು ಹೇಳ್ತವೆ. ಇದರಿಂದ ಇನ್ನೊಂದು ವಾದಕ್ಕೂ ಏಟು ಬಿತ್ತು. ಎರಡು ಐಸ್‌ಗಳ ನಡುವೆ ಯಾವಾಗಲೂ ಓಣಿ ಥರ ಖಾಲಿ ಜಾಗ ಇತ್ತು, ಏಷ್ಯಾದಿಂದ ಬಂದ ಮನುಷ್ಯರು ಆ ಓಣೀಲಿ ದಕ್ಷಿಣಕ್ಕೆ ನಡ್ಕೊಂಡು ಹೋದ್ರು ಅಂತ ಒಂದು ಕಾಲದಲ್ಲಿ ಪಾಠದಲ್ಲೇ ಇತ್ತು. ಐಸ್ ಜೋರಿದ್ದ ಕಾಲದಲ್ಲಿ ಓಣಿ ಇದ್ದಿದ್ರೆ ಬೆಟ್ಟದ ಐಸಿಗೆ ತಿರುಗೋ ಗತಿ ಯಾಕೆ ಬರ್ತಿತ್ತು? ಎರಡೂ ಮೈಗೆ ಮೈ ಒತ್ಕೊಂಡಿದ್ವು, ಸಾಕ್ಷಿ ಹೊಲದಲ್ಲಿ ಕೂತಿದೆ.

ಐಸ್ ಕರಗಿದ ಮೇಲಿನ ಕಥೆನೂ ಬಂಡೆ ಮೇಲೇ ಇದೆ. ಓಕೋಟೋಕ್ಸ್ ಅನ್ನೋ ಹೆಸರೇ ಬ್ಲ್ಯಾಕ್‌ಫುಟ್ ಜನರ ಭಾಷೇಲಿ ಕಲ್ಲು ಅನ್ನೋ ಪದದಿಂದ ಬಂದಿದ್ದು, ಊರಿಗೆ ಬಂಡೆಯ ಹೆಸರು, ನಮ್ಮ ಕಲ್ಲಹಳ್ಳಿ ಥರ. ಅವರ ಕಥೇಲಿ ನಾಪಿ ಅಂತ ಒಬ್ಬ ಬರ್ತಾನೆ, ಸೃಷ್ಟಿ ಮಾಡಿದವನೂ ಅವನೇ ತರಲೆ ಮಾಡೋನೂ ಅವನೇ. ಬಿಸಿಲಿಗೆ ಬೆವೆತು ಬಂಡೆ ಮೇಲೆ ಕೂತು ಸುಧಾರಿಸ್ಕೊಂಡು, ತನ್ನ ಹೊದಿಕೆನ ಬಂಡೆಗೇ ಕೊಟ್ಟುಬಿಟ್ಟ. ಮುಂದೆ ಹೋದ ಮೇಲೆ ಮಳೆ ಬಂತು, ವಾಪಸ್ ಬಂದು ಕೇಳಿದ, ಕೊಟ್ಟಿದ್ದು ಕೊಟ್ಟಾಯ್ತು ಅಂತು ಬಂಡೆ, ಇವನು ಕಿತ್ಕೊಂಡು ಓಡಿದ. ಹಿಂದಿಂದ ಗಡಗಡ ಸದ್ದು, ನೋಡಿದ್ರೆ ಬಂಡೆ ಉರುಳ್ಕೊಂಡು ಅಟ್ಟಿಸ್ಕೊಂಡು ಬರ್ತಿದೆ. ಅಡ್ಡ ಬಂದ ಪ್ರಾಣಿಗಳಿಗೆಲ್ಲ ಪೆಟ್ಟಾಯ್ತು, ಕೊನೆಗೆ ಬಾವಲಿಗಳು ಹಾರಿ ಬಂದು ಡಿಕ್ಕಿ ಹೊಡೆದಾಗ ಬಂಡೆ ಎರಡು ಹೋಳಾಯ್ತು, ಬಾವಲಿ ಮೂತಿ ಚಪ್ಪಟೆ ಆಗಿದ್ದು ಹಂಗಂತೆ. ಬಿಗ್ ರಾಕ್ ನಡುವೆ ದೊಡ್ಡ ಸೀಳು ನೋಡಿದ್ರಲ್ಲ. ನನಗೆ ಈ ಕಥೇಲಿ ಹಿಡಿಸೋದು ಒಂದೇ, ಈ ಬಂಡೆ ಇಲ್ಲಿದಲ್ಲ, ಎಲ್ಲಿಂದಲೋ ಸಾಗಿ ಬಂದಿದ್ದು ಅಂತ ಆ ಜನಕ್ಕೆ ಭೂವಿಜ್ಞಾನಿಗಳು ಬರೋಕೆ ಎಷ್ಟೋ ಮುಂಚೆ ಅನ್ಸಿತ್ತು. ಬಂಡೆ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಹಳೇ ಚಿತ್ರಗಳೂ ಇವೆ, ಮಾಸಿ ಹೋಗಿವೆ, ಕೈಯಿಂದ ಸವರಿದ್ರೆ, ಶೂ ಹಾಕ್ಕೊಂಡು ಹತ್ತಿದ್ರೆ ಇನ್ನೂ ಹಾಳು. ಅದಕ್ಕೇ ಚಾಕು ಬೇಡ ಅಂದಿದ್ದು, ಮಕ್ಕಳನ್ನ ಹತ್ತಿಸಿ ಫೋಟೋ ತೆಗೆಯೋದೂ ಬೇಡ. ಹಂಗೇ ಈ ಸಾಲಿನ ಎಷ್ಟೋ ಬಂಡೆಗಳ ಕೆಳಭಾಗ ಸಾಣೆ ಹಿಡಿದಂಗೆ ಹೊಳೀತವೆ, ಅದು ಐಸ್ ಮಾಡಿದ್ದಲ್ಲ, ಕಾಡೆಮ್ಮೆ ಥರದ ಬೈಸನ್‌ಗಳು ಸಾವಿರಾರು ವರ್ಷ ಬಂದು ಮೈ ಉಜ್ಜಿದ್ದು. ಮರ ಇಲ್ಲದ ಬಯಲಲ್ಲಿ ತುರಿಕೆ ಆದ್ರೆ ಅವು ತಾನೇ ಎಲ್ಲಿಗೆ ಹೋಗ್ಬೇಕು. ಕ್ಯಾಲ್ಗರಿ ಒಳಗೇ ನೋಸ್ ಹಿಲ್ ಪಾರ್ಕಲ್ಲಿ ಅಂಥ ಒಂದು ಬಂಡೆ ಇದೆ, ಮಾವನವರನ್ನ ವಾಕಿಂಗ್ ಕರ್ಕೊಂಡು ಹೋಗೋಕೆ ಸುಲಭ.

ನಂಬದೇ ಇರೋ ವಿಷಯಕ್ಕೆ ಬಂದ್ರೆ ಮಾವನವರ ಜೊತೆಗೆ ದೊಡ್ಡ ದೊಡ್ಡವರಿದ್ರು. ಇಂಗ್ಲೆಂಡಿನ ಶ್ರೂಸ್‌ಬರಿ ಊರಲ್ಲಿ ಬೆಲ್ ಸ್ಟೋನ್ ಅಂತ ಒಂದು ಅಲೆಮಾರಿ ಕಲ್ಲಿದೆ, ಚಾರ್ಲ್ಸ್ ಡಾರ್ವಿನ್ ಹುಡುಗನಾಗಿದ್ದಾಗ ಕಾಟನ್ ಅನ್ನೋ ಹಿರಿಯರೊಬ್ರು ಅದನ್ನ ತೋರಿಸಿ, ಇದು ಇಲ್ಲಿಗೆ ಹೇಗೆ ಬಂತು ಅಂತ ಪ್ರಪಂಚ ಮುಗಿಯೋವರೆಗೂ ಯಾರೂ ಹೇಳಲಾರರು ಅಂದಿದ್ರಂತೆ. ಕೆಲವೇ ದಶಕದಲ್ಲಿ ಉತ್ತರ ಸಿಕ್ತು. ಮೊದಲು ಬೈಬಲಿನಲ್ಲಿ ಬರೋ ನೋಹನ ಪ್ರವಾಹ ಅಂದ್ರು, ಆಮೇಲೆ ಸಮುದ್ರದಲ್ಲಿ ತೇಲೋ ಮಂಜಿನ ಗಡ್ಡೆ ತಂದಿದ್ದು ಅಂದ್ರು, ಸ್ವಿಟ್ಜರ್ಲೆಂಡಲ್ಲಿ ಬೆಟ್ಟದ ಬೇಟೆಗಾರ ಪೆರೋಡಾಂ ಅನ್ನೋನು ಹಿಮನದಿಯೇ ಅಂತ ಹೇಳಿದ್ರೆ ಮೊದಮೊದಲು ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, 1840ರಲ್ಲಿ ಲೂಯಿ ಅಗಾಸಿ ಅನ್ನೋ ವಿಜ್ಞಾನಿ ಹಿಮನದಿ ಬಗ್ಗೆ ಪುಸ್ತಕ ಬರೆದ ಮೇಲೆ ನಿಧಾನಕ್ಕೆ ತಲೆ ಆಡಿಸೋಕೆ ಶುರು ಮಾಡಿದ್ರು. ನಮ್ಮ ದೇಶದಲ್ಲಿ ಇದಕ್ಕಿಂತ ಕಷ್ಟದ ಕಥೆ. 1856ರಲ್ಲಿ ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಅಣ್ಣತಮ್ಮಂದಿರು, ಥಿಯೋಬಾಲ್ಡ್ ಅನ್ನೋರ ಜೊತೆ ಸೇರಿ ಒಡಿಶಾದ ತಾಲ್ಚೇರ್‌ನಲ್ಲಿ ಜೇಡಿಮಣ್ಣಿನೊಳಗೆ ದೊಡ್ಡ ದೊಡ್ಡ ಬಂಡೆ ಸಿಕ್ಕಿರೋ ಪದರ ನೋಡಿ ಇದು ಐಸ್ ಕೆಲಸ ಅಂದ್ರು. ಅಷ್ಟು ಸೆಕೆ ಇರೋ ಊರಲ್ಲಿ ಐಸಾ? ಆದ್ರೆ ಮುಂದೆ ಮಹಾರಾಷ್ಟ್ರದ ಚಂದ್ರಾಪುರದ ಹತ್ರ ಇರಾಯಿ ಅನ್ನೋ ಜಾಗದಲ್ಲಿ ಅದೇ ಪದರದ ಅಡಿ ಸುಣ್ಣದ ಕಲ್ಲಿನ ಹಾಸಿನ ಮೇಲೆ ಐಸ್ ಎಳೆದ ಗೀರುಗಳೇ ಸಿಕ್ವು. ಅದು ಸುಮಾರು 30 ಕೋಟಿ ವರ್ಷದ ಹಿಂದಿನ ಮಾತು, ಆಗ ನಮ್ಮ ನೆಲ ದಕ್ಷಿಣ ಧ್ರುವದ ಕಡೆ ಇತ್ತು. ಕರ್ನಾಟಕದಲ್ಲಿ ಮಾತ್ರ ಹುಡುಕೋಕೆ ಹೋಗ್ಬೇಡಿ, ನಮ್ಮ ಬಂಡೆ ಎಲ್ಲಾ ಸ್ಥಳೀಯರೇ.

ಕಪ್ಪು ಕಲ್ಲಿಗೆ ಬರ್ತೀನಿ. ಉಲ್ಕೆ ಅಂತ ನನ್ನ ಹತ್ರ ಬಂದ ಕಲ್ಲುಗಳಲ್ಲಿ ಇವತ್ತಿನವರೆಗೆ ಉಲ್ಕೆ ಆಗಿದ್ದು ಒಂದೂ ಇಲ್ಲ, ಬೇಜಾರು ಮಾಡ್ಕೋಬೇಡಿ. ಕ್ಯಾಲ್ಗರಿ ಇರೋ ಆಲ್ಬರ್ಟಾ ಪ್ರಾಂತ್ಯದ ದಕ್ಷಿಣದಲ್ಲಿ ಭಾರದ ಕರಿ ಕಲ್ಲು ಅಂದ್ರೆ ಸಾಮಾನ್ಯವಾಗಿ ಜೇಡಿಗಲ್ಲಿನೊಳಗೆ ಗಂಟು ಕಟ್ಟಿದ ಕಬ್ಬಿಣದ ಕಲ್ಲು, ಇಲ್ಲ ಶೀಲ್ಡ್ ಕಡೆಯಿಂದ ಬಂದ ಕರಿ ಶಿಲೆ, ಇಲ್ಲ ರೈಲ್ವೆ ಕಡೆಯಿಂದ ಬಂದ ಕುಲುಮೆ ಕಿಟ್ಟ. ಮನೇಲೇ ನೋಡ್ಬಹುದು. ಮೇಲೆಲ್ಲ ಗುಳ್ಳೆ ಗುಳ್ಳೆ ತೂತು ಇದ್ರೆ ಕಿಟ್ಟ, ಅಲ್ಲಿಗೇ ಬಿಡಿ. ಬಾತ್‌ರೂಮ್ ಟೈಲ್ ಒಂದರ ಹಿಂಭಾಗ, ಹೊಳಪಿಲ್ಲದ ಕಡೆ, ಕಲ್ಲನ್ನ ಜೋರಾಗಿ ಉಜ್ಜಿ. ಇಟ್ಟಿಗೆ ಬಣ್ಣದ ಗೆರೆ ಬಂದ್ರೆ ಹೆಮಟೈಟು ಅನ್ನೋ ಕಬ್ಬಿಣದ ಅದಿರು, ಹಳದಿ ಕಂದು ಬಂದ್ರೆ ತುಕ್ಕಿನ ಜಾತಿಯ ಕಬ್ಬಿಣದ ಕಲ್ಲು, ಕಪ್ಪು ಗೆರೆ ಬಂದು ಮ್ಯಾಗ್ನೆಟ್ಟೂ ಗಟ್ಟಿಯಾಗಿ ಅಂಟಿದ್ರೆ ಮ್ಯಾಗ್ನಟೈಟು, ಅದೂ ಕಬ್ಬಿಣದ ಅದಿರೇ. ಗೆರೆಯೇ ಬರ್ಲಿಲ್ಲ, ಮ್ಯಾಗ್ನೆಟ್ ಎಳೀತು, ಮೇಲೆ ತೆಳ್ಳಗೆ ಸುಟ್ಟ ಸಿಪ್ಪೆ ಥರ ಇದೆ, ಮುರಿದ ಜಾಗದಲ್ಲಿ ಲೋಹದ ಚುಕ್ಕೆ ಮಿನುಗ್ತಿದೆ, ಇಷ್ಟೂ ಒಟ್ಟಿಗೆ ಇದ್ರೆ ಮಾತ್ರ ಯೂನಿವರ್ಸಿಟಿಯವರಿಗೆ ತೋರಿಸಿ. ಆಲ್ಬರ್ಟಾದಲ್ಲಿ ಉಲ್ಕೆ ಸಿಕ್ಕೇ ಇಲ್ಲ ಅಂತಲ್ಲ, 145 ಕಿಲೋದ ಮ್ಯಾನಿಟೂ ಕಲ್ಲು ಎಡ್ಮಂಟನ್ ಮ್ಯೂಸಿಯಂನಲ್ಲಿದೆ, ಕ್ರೀ, ಬ್ಲ್ಯಾಕ್‌ಫುಟ್ ಜನಕ್ಕೆ ಪೂಜ್ಯ ಕಲ್ಲು ಅದು, ಹೋದಾಗ ನೋಡಿ.

ತಗೊಂಡು ಹೋಗೋ ವಿಷಯ. ಬೇಲಿ ಪಕ್ಕದ ಸಾಮಾನ್ಯ ಕಲ್ಲು ಜಮೀನಿನವರದ್ದು, ಅವರನ್ನ ಕೇಳಿ, ಬಹುಪಾಲು ಇಡೀ ರಾಶಿ ತಗೊಂಡು ಹೋಗಿ ಪುಣ್ಯ ಬರತ್ತೆ ಅಂತಾರೆ. ಪಾರ್ಕು, ಬಿಗ್ ರಾಕ್ ಜಾಗ, ಇಲ್ಲಿಂದ ಒಂದು ಚೂರೂ ಎತ್ತೋಹಾಗಿಲ್ಲ. ರಾಶಿಲಿ ಕಲ್ಲಾದ ಮರ, ಮೂಳೆ, ಬಣ್ಣ ಬಣ್ಣದ ಶಂಖದ ಚೂರು ಥರ ಏನಾದ್ರೂ ಕಂಡ್ರೆ ಮಾತ್ರ ನಿಲ್ಲಿ, ಆಲ್ಬರ್ಟಾದಲ್ಲಿ ಪಳೆಯುಳಿಕೆಗಳು ಪ್ರಾಂತ್ಯದ ಸರ್ಕಾರದ ಸ್ವತ್ತು, ನೆಲದ ಮೇಲೆ ಬಿದ್ದಿದ್ದನ್ನ ಜಮೀನಿನವರ ಒಪ್ಪಿಗೆ ತಗೊಂಡು ಅಲ್ಲಿನ ನಿವಾಸಿಗಳು ಮನೇಲಿ ಇಟ್ಕೋಬಹುದು, ಅಗೆದು ತೆಗೆಯೋಕೆ ಪರ್ಮಿಟ್ ಬೇಕು, ಅನುಮತಿ ಇಲ್ಲದೆ ಮಾರೋದು ಪ್ರಾಂತ್ಯದಿಂದ ಆಚೆ ಒಯ್ಯೋದು ತಪ್ಪು. ಉಲ್ಕೆ ಆಗಿದ್ರೆ ಅದೂ ದೇಶದಿಂದ ಹೊರಗೆ ಹೋಗೋಕೆ ಪರ್ಮಿಟ್ ಕೇಳತ್ತೆ. ನಾನಾಗಿದ್ರೆ ಊರಿಗೆ ಎರಡೇ ಕಲ್ಲು ಕಳಿಸ್ತಿದ್ದೆ, ಮುಷ್ಟಿ ಗಾತ್ರದ ಗುಲಾಬಿ ಬೆಣಚು ಒಂದು, ಪಟ್ಟೆ ನೈಸ್ ಒಂದು. ಮಣ್ಣು ಒಂದಿಷ್ಟೂ ಇರದ ಹಾಗೆ ಬ್ರಷ್ ಹಾಕಿ ತೊಳೆದು, ಚೆಕ್‌ಇನ್ ಬ್ಯಾಗಲ್ಲೇ ಇಡಿ, ಕೈಚೀಲದಲ್ಲಿ ಕಲ್ಲು ಇದ್ರೆ ಸೆಕ್ಯೂರಿಟಿಯವರು ಒಂದೊಂದಾಗಿ ತೆಗೆಸ್ತಾರೆ. ಮಾವನವರು ದುರ್ಗಕ್ಕೆ ಹೋದ ಮೇಲೆ ಕೋಟೆ ಹತ್ರದ ಒಂದು ಕಲ್ಲಿನ ಚೂರಿನ ಪಕ್ಕ ಆ ಎರಡನ್ನೂ ಇಟ್ಟು ಫೋಟೋ ಕಳಿಸೋಕೆ ಹೇಳಿ, ಆಮೇಲೂ ಮೂರೂ ಒಂದೇ ಅಂದ್ರೆ ನನ್ನ ಹತ್ರ ಮಾತಾಡಿಸಿ.